ಸಂಬಳದ ಬಾಕಿಯೂ ಬಡ್ಡಿಯ ಶಂಕೆಯೂ

ಇಸ್ಲಾಮಿನಲ್ಲಿ ಬಡ್ಡಿಯು ನಿಷಿದ್ಧವೆಂಬುದನ್ನು ನಮ್ಮ ವಾಚಕರು ಬಲ್ಲರು. ಹಾಗಾದರೆ ಪ್ರಾವಿಡೆಂಟ್ ಫಂಡಿನಲ್ಲಿ ಬೆಳೆದು ಬರುವ ಹಣವನ್ನು ಮುಸಲ್ಮಾನ ನೌಕರನು ಮುಟ್ಟಬಹುದೇ? ಶಂಕೆಯಿಂದ ಕೈಬಿಟ್ಟರೆ ನಷ್ಟವು ಅವನ ಮುಪ್ಪಿಗೆ, ಅವನ ಹೆಂಡಿರುಮಕ್ಕಳಿಗೆ.

ದೇವಬಂದ್ ಪರಂಪರೆಯ ಮುಫ್ತಿ ಮಹಮ್ಮದ್ ಶಫಿಯವರು ಇದಕ್ಕೆ ಕೊಟ್ಟ ಉತ್ತರವು ಮನನೀಯವಾದುದು. ಸಂಬಳದಲ್ಲಿ ಕಡ್ಡಾಯವಾಗಿ ಹಿಡಿದುಕೊಂಡ ಹಣವು ನೌಕರನ ಕೈಸೇರಿಯೇ ಇಲ್ಲ. ಆದುದರಿಂದ ಅವನು ಸಾಲ ಕೊಟ್ಟವನಲ್ಲ. ಸಾಲವಿಲ್ಲದಲ್ಲಿ ಬಡ್ಡಿಯೆಲ್ಲಿಯದು? ಅಸಲೂ, ಧಣಿಯ ಪಾಲೂ, ಮೇಲಣ ಹೆಚ್ಚಳವೂ ಅವನಿಗೆ ಸಲ್ಲತಕ್ಕವೇ. ತಾನಾಗಿ ಇಚ್ಛಿಸಿ ಕಟ್ಟಿದುದರ ಹೆಚ್ಚಳಕ್ಕೆ ಮಾತ್ರ ಬಡ್ಡಿಯ ಛಾಯೆಯುಂಟು. ಅದನ್ನು ವರ್ಜಿಸುವುದು ಲೇಸು. ನಮ್ಮ ದೇಶದಲ್ಲಿ ಕಾರ್ಖಾನೆಯ ನೌಕರರಿಗೆ ಈ ಕಡಿತವನ್ನು ವಿಧಿಸಿದುದು 1952ರ ಕಾಯಿದೆ, ನೌಕರನ ಇಚ್ಛೆಯಲ್ಲ.

ಈ ವಿಚಾರವೆಲ್ಲವೂ 'ಇಜಾರಾ' ಎಂಬ ಸೇವಾಕರಾರಿನ ಧರ್ಮವನ್ನು ಆಶ್ರಯಿಸಿದೆ. ಕೆಲಸವೇನು, ಅವಧಿಯೆಷ್ಟು, ಕೂಲಿಯೆಷ್ಟು ಎಂಬುದು ಮೊದಲೇ ನಿಶ್ಚಿತವಾಗಿರತಕ್ಕದ್ದು. ಮದಯನಿನಲ್ಲಿ ಪ್ರವಾದಿ ಮೂಸಾ 8 ವರ್ಷ ದುಡಿಯಲು ಒಪ್ಪಿದ, ಮೇಲಣ 2 ವರ್ಷಗಳನ್ನು ಅವರ ಇಷ್ಟಕ್ಕೇ ಬಿಟ್ಟ ಕರಾರು ಕುರಾನಿನಲ್ಲಿಯೇ ಇದೆ. ತುರ್ಕರು 1869ರಿಂದ 1876ರವರೆಗೆ ರಚಿಸಿದ ಮಜಲ್ಲಾ ಸಂಹಿತೆಯೂ ಇಜಾರಾಕ್ಕೆ ಒಂದು ಪೂರ್ಣ ಭಾಗವನ್ನು ಮೀಸಲಿಟ್ಟಿತು.

ಹೀಗಿರಲು ಧರ್ಮಭೀತಿಯು ನೌಕರನಿಗೆ ಮಾತ್ರವೇ? ಅವನ ಪಾಲನ್ನು ಹಿಡಿದುಕೊಂಡು ನಿಧಿಗೆ ಕಟ್ಟದಿರುವ ಧಣಿಯು, ಕರಾರನ್ನು ಮಸುಕಾಗಿ ಬರೆಯಿಸುವ ಧಣಿಯು, ಯಾವ ಮತದವನಾದರೂ ಸರಿಯೆ, ಹೆಚ್ಚಿನ ಅಪರಾಧಿ. ಕೂಲಿಕಾರನ ಬೆವರು ಆರುವ ಮೊದಲೇ ಕೂಲಿಯನ್ನು ಸಲ್ಲಿಸಬೇಕೆಂಬುದು ಇಸ್ಲಾಮಿನಲ್ಲಿ ಪ್ರಸಿದ್ಧವಾದ ಪ್ರವಾದಿವಚನ. ನಿವೃತ್ತನಿಗೆ ಸಲ್ಲುವ ಹಣವು ಧಣಿಯ ದಾನವಲ್ಲ, ದುಡಿಮೆಯ ಬಾಕಿ. ಬಾಕಿಯನ್ನು ಕೇಳುವುದಕ್ಕೆ ನೌಕರನು ನಾಚಬೇಕಾಗಿಲ್ಲ. ತಡೆಯುವುದಕ್ಕೆ ಧಣಿಯು ನಾಚಲಿ.