ಕೊನೇ ಚರಣದ ಸಹಿ

ಈ ಸಲದ ಉದ್ದನೆ ಕ್ಯಾಪ್ಷನ್ ಆಕಾಶವಾಣಿ ಬಗ್ಗೆ. ‘ಅಜ್ಜನ ರೇಡಿಯೋನಾ?’ ಅಂತ ಮುಂದಕ್ಕೆ ಸ್ಕ್ರಾಲ್ ಮಾಡ್ಬೇಡಿ. ವಿಷಯ ನಿಮ್ಮ ರೀಲ್ಸ್‌ದೇ.

ಯಾವುದಾದ್ರೂ ಭಾವಗೀತೆ ರೀಲ್ ತೆಗೀರಿ. ಮಳೆ, ಬಸ್ಸಿನ ಕಿಟಕಿ, ಹಿಂದೆ ಹಾಡು. ಕೆಳಗೆ ಆಡಿಯೋ ಹೆಸರು ನೋಡಿ. ಅಪ್‌ಲೋಡ್ ಮಾಡಿದವರ ಹೆಸರಿರುತ್ತೆ, ಪಕ್ಕದಲ್ಲಿ ‘ಒರಿಜಿನಲ್ ಆಡಿಯೋ’ ಅಂತ ಬೇರೆ. ಅದೃಷ್ಟ ಇದ್ರೆ ಹಾಡಿದವರ ಹೆಸರು ಸಿಗುತ್ತೆ. ಬರೆದವರದ್ದು? ಬಹಳ ಸಲ ಇರೋದೇ ಇಲ್ಲ.

ಈಗ ಆಕಾಶವಾಣಿಯಲ್ಲಿ ಸುಗಮ ಸಂಗೀತ ಕೇಳಿ. ಹಾಡಿಗೆ ಮುಂಚೆ ಒಂದು ದನಿ ನಿಧಾನವಾಗಿ ಹೇಳುತ್ತೆ: ರಚನೆ ಇಂಥವರದು, ಸ್ವರ ಸಂಯೋಜನೆ ಇಂಥವರದು, ಹಾಡುತ್ತಿರುವವರು ಇಂಥವರು. ಶಾಸ್ತ್ರೀಯ ಸಂಗೀತವಾದ್ರೆ ರಾಗ, ತಾಳ, ಪಿಟೀಲು ಯಾರು, ಮೃದಂಗ ಯಾರು ಅಂತ ಪಟ್ಟಿಯೇ ಇರುತ್ತೆ. ನಮಗೆ ಬೋರ್ ಹೊಡೆಸೋ ಭಾಗ ಇದೇ. ನನ್ನ ಪ್ರಕಾರ ಇಡೀ ಕಾರ್ಯಕ್ರಮದಲ್ಲಿ ಬೆಲೆಬಾಳೋ ಹತ್ತು ಸೆಕೆಂಡೂ ಇದೇ.

ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 12ನೇ ಶತಮಾನದ ವಚನಕಾರರಿಗೆ ಮೈಕೂ ಇರಲಿಲ್ಲ, ಪ್ರಿಂಟೂ ಇರಲಿಲ್ಲ. ಆದ್ರೂ ಯಾವ ವಚನ ಯಾರದು ಅಂತ ನಮಗೆ ಗೊತ್ತಾಗುತ್ತೆ. ಅದಕ್ಕೆ ಕಾರಣ ಅಂಕಿತ. ಕೂಡಲಸಂಗಮದೇವ ಅಂದ್ರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಅಂದ್ರೆ ಅಕ್ಕಮಹಾದೇವಿ, ಗುಹೇಶ್ವರ ಅಂದ್ರೆ ಅಲ್ಲಮ. ದಾಸರೂ ಇದನ್ನೇ ಮಾಡಿದ್ರು: ಪುರಂದರ ವಿಠಲ, ಕಾಗಿನೆಲೆಯಾದಿಕೇಶವ. 19ನೇ ಶತಮಾನದ ಶರೀಫರು ‘ಶಿಶುನಾಳಧೀಶ’ ಅಂತ ತಮ್ಮ ಊರನ್ನೇ ಹಾಡಿನೊಳಗೆ ಕೂರಿಸಿದ್ರು. ಅದು ಭಕ್ತಿ, ಒಪ್ಪಿದೆ. ಆದ್ರೆ ಅದು ಸಹಿಯ ಕೆಲಸಾನೂ ಮಾಡ್ತು. ಓದು ಬರಹ ಬಾರದವರು ಬಾಯಿಂದ ಬಾಯಿಗೆ ದಾಟಿಸಿದಾಗ್ಲೂ ಹಾಡಿನ ಜೊತೆ ಹೆಸರೂ ದಾಟಿತು. (ಬೇರೆಯವರ ಅಂಕಿತ ಹಾಕಿ ಬರೆದವರೂ ಇದ್ದಾರೆ, ಅದು ಇನ್ನೊಂದು ಕ್ಯಾಪ್ಷನ್‌ಗಾಗುತ್ತೆ.)

ಆ ಅಂಕಿತ ಎಲ್ಲಿರುತ್ತೆ ಅಂತ ಗಮನಿಸಿದ್ದೀರಾ? ದಾಸರ ಪದದಲ್ಲಿ ಕೊನೇ ಚರಣದಲ್ಲಿ. ನಾವು ರೀಲ್‌ಗೆ ಕತ್ತರಿಸಿಕೊಳ್ಳೋದು ಪಲ್ಲವಿಯ ಮೂವತ್ತು ಸೆಕೆಂಡು. ಪುರಂದರದಾಸರು ತೀರಿಕೊಂಡು 450ಕ್ಕೂ ಹೆಚ್ಚು ವರ್ಷ ಆಯ್ತು. ಅಲ್ಲಿಂದ ಇಲ್ಲಿವರೆಗೆ ಉಳಿದು ಬಂದ ಸಹಿ ನಮ್ಮ ಒಂದು ಟ್ರಿಮ್‌ಗೆ ಉದುರಿ ಹೋಗುತ್ತೆ!

ಹೊಸಗನ್ನಡದ ಕವಿಗಳ ಪಾಡು ಇನ್ನೂ ಕಷ್ಟ. ಅವರ ಪದ್ಯದೊಳಗೆ ಸಾಮಾನ್ಯವಾಗಿ ಅಂಕಿತವೇ ಇರಲ್ಲ. ಬೇಂದ್ರೆಯವರಿಗೆ ‘ಅಂಬಿಕಾತನಯದತ್ತ’ ಅನ್ನೋ ಕಾವ್ಯನಾಮ ಇತ್ತು, ಆದ್ರೆ ಅದು ಪುಸ್ತಕದ ಮೇಲೆ. ಪದ್ಯ ಹಾಡಾಗಿ ತೇಲಿ ಬಂದಾಗ ಯಾರಾದ್ರೂ ಹೆಸರು ಹೇಳ್ಬೇಕು. ಆ ಕೆಲಸ ಮಾಡಿದ್ದು ರೇಡಿಯೋ.

‘ಆಕಾಶವಾಣಿ’ ಅನ್ನೋ ಹೆಸರೇ ಮೈಸೂರಿನದು ಗೊತ್ತಾ? 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದ ಸ್ಟೇಷನ್‌ನ ಹೆಸರದು. ಧಾರವಾಡ ಕೇಂದ್ರ ಶುರುವಾಗಿದ್ದು 1950ರಲ್ಲಿ. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ರು, ಬೇಂದ್ರೆಯವರೂ ಆ ಕೇಂದ್ರಕ್ಕೆ ಸಲಹೆಗಾರರಾಗಿದ್ರು. ಖಯಾಲ್ ಹಾಡಿ ದೇಶವೆಲ್ಲ ಹೆಸರಾದ ಕಂಠದಲ್ಲೇ ವಚನ, ಪಕ್ಕದ ಕೋಣೆಯಲ್ಲಿ ಕವಿ. ಇಂಥ ಸ್ಟಾಫ್ ಲಿಸ್ಟ್ ಯಾವ ಮ್ಯೂಸಿಕ್ ಆ್ಯಪ್‌ಗಿದೆ ಹೇಳಿ.

ರೇಡಿಯೋ ಯಾವಾಗ್ಲೂ ಸಾಚಾ ಅಂತಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಖಾತೆ ಸಚಿವರಾದ ಮೇಲೆ ಸಿನಿಮಾ ಹಾಡಿಗೆ ಕತ್ತರಿ ಬಿತ್ತು. ಹಾಕಿದ್ರೂ ಸಿನಿಮಾ ಹೆಸರು ಹೇಳೋ ಹಾಗಿಲ್ಲ, ಅದು ಜಾಹೀರಾತಂತೆ! ನಿರ್ಮಾಪಕರು ಸಿಟ್ಟಾಗಿ ಹಾಡು ಕೊಡೋದನ್ನೇ ನಿಲ್ಲಿಸಿದ್ರು, ಜನ ರೇಡಿಯೋ ಸಿಲೋನ್ ಕಡೆ ತಿರುಗಿದ್ರು, ಕೊನೆಗೆ 1957ರಲ್ಲಿ ವಿವಿಧ ಭಾರತಿ ಬಂತು. ನನ್ನ ಕೇಳಿದ್ರೆ ಕೇಸ್ಕರ್ ಮಾಡಿದ್ದು ಶುದ್ಧ ಮಡಿವಂತಿಕೆ. ಆದ್ರೆ ಅದೇ ಕಾಲದಲ್ಲಿ ಸ್ಟೇಷನ್‌ಗಳಲ್ಲಿ ಲಘು ಸಂಗೀತದ ವಿಭಾಗಗಳು ಶುರುವಾಗಿ, ಕವಿಗಳ ಪದ್ಯಕ್ಕೆ ರಾಗ ಹಾಕಿಸೋದು ಸರ್ಕಾರಿ ಕೆಲಸವೇ ಆಯ್ತು. ನಾವು ಭಾವಗೀತೆ ಅಂತ ಕೇಳೋದಕ್ಕೆ ಆ ಸ್ಟುಡಿಯೋಗಳ ಋಣ ಇದೆ.

ಕ್ಯಾಸೆಟ್ ಕಾಲದಲ್ಲೂ ಹೆಸರಿಗೆ ಜಾಗ ಇತ್ತು. 1978ರ ‘ನಿತ್ಯೋತ್ಸವ’ ಅಂದ ಕೂಡ್ಲೇ ಕವಿ ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ ಅಂತ ಎರಡು ಹೆಸರು ಒಟ್ಟಿಗೇ ಬರ್ತಾವೆ. ಈಗ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ತಗೊಳ್ಳಿ. ಪುಸ್ತಕ ಬಂದಿದ್ದು 1942ರಲ್ಲಿ, ಸಿನಿಮಾ 1992ರಲ್ಲಿ. ಐವತ್ತು ವರ್ಷ ಮೊದಲೇ ಇದ್ದ ಪದ್ಯಕ್ಕೆ ಈಗ ‘ಫಿಲ್ಮ್ ಸಾಂಗ್’ ಅನ್ನೋ ಲೇಬಲ್. ಫೆಸ್ಟ್‌ಗಳಲ್ಲೂ ನೋಡಿ, ಹಾಡೋರ ಸೆಕ್ಷನ್ ಯಾವುದು ಅಂತ ನಿರೂಪಕರು ಹೇಳ್ತಾರೆ, ಕರೋಕೆ ಟ್ರ್ಯಾಕ್ ಹಾಕಿದವನಿಗೂ ಚಪ್ಪಾಳೆ ಕೊಡಿಸ್ತಾರೆ. ಕವಿ ಹೆಸರು ಮಾತ್ರ ಬರಲ್ಲ.

‘ಹಾಡು ಚೆನ್ನಾಗಿದ್ರೆ ಸಾಕು, ಹೆಸರು ಕಟ್ಕೊಂಡು ಏನಾಗ್ಬೇಕು?’ ಅಂತೀರಾ. ಹೆಸರು ಗೊತ್ತಿದ್ರೆ ಲೈಬ್ರರೀಲಿ ಆ ಪುಸ್ತಕ ಕೇಳ್ಬಹುದು. ಯಾರೂ ರಾಗ ಹಾಕದೆ ಉಳಿದ ಪದ್ಯಗಳು ಇರೋದು ಅಲ್ಲೇ, ಕೆಲವು ಹಾಡಿಗಿಂತ ಚೆನ್ನಾಗಿವೆ. ಹೆಸರಿಲ್ಲದಿದ್ರೆ ಆ ಮೂವತ್ತು ಸೆಕೆಂಡಿಗೇ ಬಾಗಿಲು ಮುಚ್ಚುತ್ತೆ.

ಆಕಾಶವಾಣಿಯವರಿಗೂ ಒಂದು ಮಾತು. ಹಳೇ ಧ್ವನಿಮುದ್ರಣಗಳನ್ನ ಇನ್ನೂ ಹೆಚ್ಚೆಚ್ಚು ಹೊರಗೆ ತನ್ನಿ. ಹಾಡಿನ ಮುಂಚಿನ ಪ್ರಕಟಣೆಯನ್ನ ಮಾತ್ರ ಎಡಿಟ್‌ನಲ್ಲಿ ಹಾರಿಸ್ಬೇಡಿ.

ನಿಮಗೆ: ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಧಾರವಾಡ, ಮೈಸೂರು, ಬೆಂಗಳೂರು ಮೂರೂ ಕೇಂದ್ರ ಲೈವ್ ಸಿಗುತ್ತೆ, ದುಡ್ಡು ಕೊಡ್ಬೇಕಾಗಿಲ್ಲ. ಮುಂದಿನ ಸಲ ಸ್ಟೋರಿಗೆ ಭಾವಗೀತೆ ಹಾಕುವಾಗ ಕವಿ ಹೆಸರು ಟೈಪ್ ಮಾಡಿ, ದಾಸರ ಪದವಾದ್ರೆ ಕೊನೇ ಚರಣ ಬಿಡ್ಬೇಡಿ. ಯಾರು ಬರೆದಿದ್ದು ಅಂತ ಗೊತ್ತಿಲ್ಲದ ಹಾಡಿದ್ರೆ ಮೊದಲ ಸಾಲು ಕಮೆಂಟ್‌ಗೆ ಹಾಕಿ. ಇಲ್ಲಿರೋರಲ್ಲಿ ಯಾರಿಗಾದ್ರೂ ಗೊತ್ತಿರುತ್ತೆ, ಇಲ್ಲಾಂದ್ರೆ ಕನ್ನಡ ಮೇಷ್ಟ್ರನ್ನ ಹಿಡಿದು ಕೇಳ್ತೀನಿ.