ಅಡುಗೆಮನೆಯ ಫಿಲ್ಟರ್ ನದಿಯನ್ನು ಕಾಯದು

ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟುವ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಸಾಗಿಸಿ, ಸುಮಾರು 500 ಮೀಟರ್ ಮೇಲೆತ್ತಿ ಬೆಂಗಳೂರಿಗೆ ಕುಡಿಸಲಾಗುತ್ತಿದೆ. ಜಯನಗರ, ಬನಶಂಕರಿಗಳ ನಲ್ಲಿಗಳಲ್ಲಿ ಹರಿಯುವುದು ಬೆಟ್ಟಗಳ ಮಳೆ. ಆದರೂ ಅಲ್ಲಿನ ಅಡುಗೆಮನೆಗಳ ಗೋಡೆಗೆ ಫಿಲ್ಟರ್ ಬೇಕಾಗಿದೆ. ಅದನ್ನು ಮಾರುವವರಿಗೆ ದೊರೆತಿರುವ ಹೊಸ ಮಂತ್ರ ‘ನ್ಯಾನೋ’.

ಈ ವಿಜ್ಞಾನ ಸುಳ್ಳಲ್ಲ. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಕಣ ಕಿರಿದಾದಷ್ಟೂ ಅದೇ ತೂಕಕ್ಕೆ ದೊರೆಯುವ ಮೇಲ್ಮೈ ಹಿರಿದಾಗುತ್ತದೆ. ಬೆಳ್ಳಿಯ ಕಣಗಳು ಬಿಡುವ ಅಯಾನುಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಕಬ್ಬಿಣದ ಆಕ್ಸೈಡಿನ ಕಣಗಳು ಆರ್ಸೆನಿಕ್ಕನ್ನು ಹಿಡಿದಿಡುತ್ತವೆ. 2009ರಲ್ಲಿ ಟಾಟಾ ಸಂಸ್ಥೆ ಭತ್ತದ ಹೊಟ್ಟಿನ ಬೂದಿಗೆ ನ್ಯಾನೋ ಬೆಳ್ಳಿ ಸೇರಿಸಿ, ವಿದ್ಯುತ್ ಬೇಡದ ‘ಸ್ವಚ್ಛ್’ ಫಿಲ್ಟರನ್ನು ಹೊರತಂದಿತು. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ ಆರ್ಸೆನಿಕ್ ತೆಗೆಯುವ ವಸ್ತುವನ್ನು ರೂಪಿಸಿತು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಂತೆ ಅಂತರ್ಜಲದಲ್ಲಿಯೇ ಆರ್ಸೆನಿಕ್ ಕಂಡುಬಂದ ಊರುಗಳಿಗೆ ಇಂಥ ಸಾಧನ ಅನಿವಾರ್ಯ.

ಆಕ್ಷೇಪವಿರುವುದು ಸಾಧನದ ಬಗ್ಗೆಯಲ್ಲ. ವಿಷ ಸುರಿಯುವವರ ಹೊಣೆಯನ್ನು ನೀರು ಕುಡಿಯುವವರ ಹೆಗಲಿಗೆ ದಾಟಿಸುವ ನೀತಿಯ ಬಗ್ಗೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂಬ ಪ್ರತೀತಿಯುಳ್ಳ ವೃಷಭಾವತಿ ಇಂದು ಕೊಳಚೆ ಹಾಗೂ ಕಾರ್ಖಾನೆಗಳ ತ್ಯಾಜ್ಯವನ್ನು ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತಿದೆ. ಆ ನೀರುಂಡ ಮಣ್ಣಿನಲ್ಲಿ, ತರಕಾರಿಯಲ್ಲಿ ಭಾರಲೋಹಗಳಿರುವುದನ್ನು ಅಧ್ಯಯನಗಳು ಗುರುತಿಸಿವೆ. ಅಲ್ಲಿಂದ ಮುಂದೆ ಅದು ಅರ್ಕಾವತಿಯ ಮೂಲಕ ಮತ್ತೆ ಕಾವೇರಿಯನ್ನೇ ಕೂಡುತ್ತದೆ. ನಗರದ ಮನೆಗೆ ಫಿಲ್ಟರ್ ಉಂಟು. ಬೈರಮಂಗಲದ ಗದ್ದೆಗೆ, ದನಕರುಗಳಿಗೆ ಯಾವ ಫಿಲ್ಟರ್?

ಇನ್ನೊಂದು ಸತ್ಯವನ್ನು ಜಾಹೀರಾತು ಹೇಳುವುದಿಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ಸೀಸ ಸಾಯುವುದಿಲ್ಲ. ಸೋಸಿದ ಲೋಹ ಫಿಲ್ಟರಿನೊಳಗೇ ಉಳಿದು, ಅದರ ಅವಧಿ ಮುಗಿದೊಡನೆ ಜೆ.ಪಿ. ನಗರದ, ಬಿ.ಟಿ.ಎಂ. ಬಡಾವಣೆಯ ಕಸದೊಂದಿಗೆ ಹೊರಡಬಹುದು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತದ್ದು ಮಂಡೂರು, ಮಾವಳ್ಳಿಪುರಗಳಂಥ ಹಳ್ಳಿಗಳೇ. ವಿಷ ಅಳಿಯಲಿಲ್ಲ, ವಿಳಾಸ ಬದಲಿಸಿತು.

ವಿಷವನ್ನು ಹೊರಡುವಲ್ಲಿಯೇ ತಡೆಯುವ ಅಧಿಕಾರವನ್ನು 1974ರ ಜಲಮಾಲಿನ್ಯ ಕಾಯಿದೆ ಸರ್ಕಾರಕ್ಕೆ ಕೊಟ್ಟಿದೆ. ಆ ಅಧಿಕಾರ ಚಲಾಯಿಸಬೇಕು. ಫಿಲ್ಟರ್ ಮಾರುವ ಕಂಪನಿಯೇ ಬಳಸಿದ ಫಿಲ್ಟರನ್ನು ಮರಳಿ ಪಡೆಯಬೇಕು. ಅದು ಯಾವ ಲೋಹವನ್ನು, ಎಷ್ಟು ಲೀಟರ್ ನೀರಿನವರೆಗೆ ತಡೆಯಬಲ್ಲದೆಂದು ಸ್ಪಷ್ಟವಾಗಿ ನಮೂದಿಸಬೇಕು. ಬೆಟ್ಟದ ಜನ ಮಳೆಕಾಡನ್ನು ಉಳಿಸಿ ನಗರಕ್ಕೆ ನೀರು ಕೊಡುತ್ತಿದ್ದಾರೆ. ಆ ನೀರನ್ನು ಕೆಡಿಸದೆ ಕೆಳಗಿನ ಊರಿಗೆ ಬಿಟ್ಟುಕೊಡುವುದು ನಗರದ ಔದಾರ್ಯವಲ್ಲ, ಋಣ.