ವೇಗಕ್ಕೊಂದು ಗರಡಿ

ಪ್ರಾಯಕ್ಕೆ ಬಂದ ಮಗನು ಮೋಟಾರು ಸೈಕಲ್ಲು ಕೊಂಡ ದಿನದಿಂದ ತಾಯಿತಂದೆಗಳ ಕಿವಿಯು ಬೀದಿಯ ಕಡೆಗೇ ಇರುವುದಷ್ಟೆ. ಈ ಭಯವು ನಿರಾಧಾರವಾದುದಲ್ಲ. 2022ನೆಯ ಇಸವಿಯಲ್ಲಿ ಭಾರತದ ರಸ್ತೆಗಳಲ್ಲಿ ಅಪಘಾತದಿಂದ ಮಡಿದವರು 1,68,491 ಮಂದಿಯೆಂದು ಸರಕಾರದ ವರದಿಯೇ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕೂ ಮಿಕ್ಕವರು ದ್ವಿಚಕ್ರ ವಾಹನದವರು. ಹೀಗಿರುವಲ್ಲಿ ಆ ತರುಣನು, "ಪಂದ್ಯದ ಪಥದಲ್ಲಿ ಒಂದು ದಿನ ಗಾಡಿ ಓಡಿಸಿ ಬರುವೆನು, ಅಪ್ಪಣೆಯಾಗಲಿ" ಎಂದರೆ ಹಿರಿಯರು ಏನೆನ್ನಬೇಕು? ಈ ತಿಂಗಳು ಆ ಪ್ರಶ್ನೆಯನ್ನೇ ವಿಚಾರಿಸೋಣ.

ಮೈಯಲ್ಲಿ ಬಲವುಕ್ಕುವ ಹುಡುಗನನ್ನು ನಮ್ಮ ಪೂರ್ವಿಕರು ಸಂತೆಯಲ್ಲಿ ಸೆಣಸಲು ಬಿಡದೆ ಗರಡಿಗೆ ಕಳುಹಿಸುತ್ತಿದ್ದರು. ಅಲ್ಲಿ ಹದಮಾಡಿದ ಮಣ್ಣಿತ್ತು, ನಿಯಮವಿತ್ತು, ತಪ್ಪನ್ನು ತಿದ್ದುವ ಉಸ್ತಾದನಿದ್ದನು. ವೇಗಕ್ಕೂ ಅಂತಹ ಗರಡಿಗಳುಂಟು. ರಾಮಾನುಜಾಚಾರ್ಯರ ಜನ್ಮಸ್ಥಳವಾದ ಶ್ರೀಪೆರುಂಬುದೂರಿನ ಸಮೀಪದಲ್ಲಿ, ಬೆಂಗಳೂರು-ಚೆನ್ನೈ ಹೆದ್ದಾರಿಯ ಮಗ್ಗುಲಿಗೆ, ಇರುಂಗಾಟ್ಟುಕೋಟ್ಟೈ ಎಂಬಲ್ಲಿ 1990ರಲ್ಲಿ ತೆರೆದ ಪಥವು ಅವುಗಳಲ್ಲೊಂದು. ಅದರ ಒಂದು ಸುತ್ತು ಸುಮಾರು 3.7 ಕಿಲೋಮೀಟರು; ತಿರುವುಗಳು 12. ಅಲ್ಲಿ ಇದಿರಿನಿಂದ ಬಸ್ಸು ಬರುವುದಿಲ್ಲ, ದನ ಅಡ್ಡಬರುವುದಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಸಾಗುವರು. ತಿರುವುಗಳ ಬಳಿ ಬಾವುಟ ಹಿಡಿದ ಕಾವಲುಗಾರರು ನಿಂತಿರುವರು.

ಹೊಸಬನು ಅಲ್ಲಿಗೆ ಹೋಗುವುದು ವೇಗದ ಆಸೆಯಿಂದ. ಆದರೆ ಅವನು ಮೊದಲು ಕಲಿಯುವುದು ತಾಳ್ಮೆಯನ್ನು. ಇದಕ್ಕೆ ಕಾರಣವು ಪ್ರಕೃತಿನಿಯಮದಲ್ಲಿಯೇ ಅಡಗಿದೆ. 40 ಮೀಟರು ತ್ರಿಜ್ಯವುಳ್ಳ ತಿರುವಿನಲ್ಲಿ ಗಂಟೆಗೆ 51 ಕಿಲೋಮೀಟರು ವೇಗದಿಂದ ಹೋಗುವ ಗಾಡಿಯು ಸುಮಾರು 27 ಡಿಗ್ರಿ ವಾಲಿದರೆ ಸಾಕು. 72 ಕಿಲೋಮೀಟರಾದರೆ ಸುಮಾರು 45 ಡಿಗ್ರಿ ವಾಲಬೇಕು. ವೇಗವು ಹೆಚ್ಚಿದುದು 21 ಕಿಲೋಮೀಟರು ಮಾತ್ರ. ಆದರೆ ಗಾಲಿಯು ನೆಲವನ್ನು ಕಚ್ಚಿ ಹಿಡಿಯಬೇಕಾದ ಬಲವು ಇಮ್ಮಡಿಯಾಯಿತು! ಆ ಹಿಡಿತವೋ ಮಿತವಾದುದು. ವಾಲಿದಾಗ ಬ್ರೇಕನ್ನು ಗಟ್ಟಿಯಾಗಿ ಅದುಮಿದರೆ ತಿರುವಿಗೂ ತಡೆಗೂ ಸಾಲದೆ ಗಾಲಿಯು ಜಾರುವುದು.

ಆದುದರಿಂದ ಬಲ್ಲವರು ಹೇಳುವುದಿಷ್ಟು: ವೇಗವನ್ನು ತಿರುವಿಗೆ ಮುಂಚೆಯೇ, ಗಾಡಿಯು ನೆಟ್ಟಗಿರುವಾಗಲೇ ತಗ್ಗಿಸು. ದೃಷ್ಟಿಯನ್ನು ಮುಂದಿನ ಗಾಲಿಯಲ್ಲಿಡದೆ ತಿರುವು ಮುಗಿಯುವೆಡೆಯಲ್ಲಿಡು. ಕಣ್ಣು ಹೋದತ್ತ ಗಾಡಿಯು ಹೋಗುವುದು. ಕೈಗಳನ್ನು ಬಿಗಿಹಿಡಿಯಬೇಡ. ಮೊದಲ ಸುತ್ತುಗಳನ್ನು ಮೆಲ್ಲನೆ ಮಾಡು, ಏಕೆಂದರೆ ತಣ್ಣಗಿರುವ ಟೈರಿಗೆ ಹಿಡಿತ ಸಾಲದು. ಮುಂದೆ ಹೋದವನನ್ನು ಕಂಡು ಕೆರಳಬೇಡ. ಹಳದಿ ಬಾವುಟ ಕಂಡರೆ ಅಪಾಯವೆಂದರಿತು ಯಾರನ್ನೂ ಹಿಂದಿಕ್ಕಬೇಡ. ಕೆಂಪು ಬಾವುಟ ಕಂಡರೆ ವೇಗವಿಳಿಸಿ ಎಚ್ಚರದಿಂದ ಹಿಂದಿರುಗು.

ಹೀಗೆಂದ ಮಾತ್ರಕ್ಕೆ ಪಥದಲ್ಲಿ ಅಪಾಯವಿಲ್ಲವೆಂದಲ್ಲ. ಅಲ್ಲಿಯೂ ಬೀಳುವರು, ಮೂಳೆ ಮುರಿಯುವುದು, ಪ್ರಾಣಕ್ಕೂ ಸಂಚಕಾರ ಬರಬಹುದು. ಆದುದರಿಂದ ಅಪ್ಪಣೆ ಕೊಡುವ ಹಿರಿಯರು ಮೂರು ಮಾತುಗಳನ್ನು ಕೇಳಿ ತಿಳಿಯಬೇಕು. ಮುಖವನ್ನೆಲ್ಲ ಮುಚ್ಚುವ ಹೆಲ್ಮೆಟ್ಟು, ಮೈತುಂಬ ಚರ್ಮದ ಉಡುಪು, ಬೆನ್ನಿನ ರಕ್ಷೆ, ಕೈಗವಸು, ಗಟ್ಟಿಯಾದ ಬೂಟು ಇವೆಯೆ? ಕಲಿಸುವ ಗುರುಗಳೂ ರೋಗಿವಾಹನವೂ ಅಲ್ಲಿರುವುದೆ? ನಷ್ಟವಾದರೆ ಭರಿಸುವವರಾರು? ಈ ಮೂರನೆಯದನ್ನು ಅನೇಕರು ಮರೆಯುವರು. ನಮ್ಮ ದೇಶದ ವಾಹನವಿಮೆಯ ಕರಾರಿನಲ್ಲಿ ಪಂದ್ಯ ಮತ್ತು ವೇಗಪರೀಕ್ಷೆಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುವರು.

ಇಷ್ಟೆಲ್ಲ ಸರಿಯಿದ್ದರೆ, ಬೇಡವೆಂದು ಗದರಿಸುವುದಕ್ಕಿಂತ ಕಳುಹಿಸಿಕೊಡುವುದೇ ಲೇಸೆಂದು ನನ್ನ ಮತ. ಬೇಡವೆಂದರೆ ಆಸೆಯು ಸಾಯುವುದಿಲ್ಲ. ನಡುರಾತ್ರಿ ಊರಾಚೆಯ ಹೆದ್ದಾರಿಯನ್ನು ಹುಡುಕುವುದು. ಅಲ್ಲಿ ಬಾವುಟವಿಲ್ಲ, ಗುರುವಿಲ್ಲ, ದಾರಿಯಲ್ಲಿ ನಡೆದುಹೋಗುವ ಬಡಪಾಯಿಗೆ ರಕ್ಷೆಯೂ ಇಲ್ಲ. ಆದರೆ ಕಳುಹಿಸುವಾಗ ಒಂದು ಕಟ್ಟುಪಾಡಿರಲಿ: ಅಲ್ಲಿಯ ವೇಗವನ್ನು ಅಲ್ಲಿಯೇ ಬಿಟ್ಟು ಬರಬೇಕು. ಗರಡಿಯ ಪಟ್ಟುಗಳನ್ನು ಬೀದಿಯಲ್ಲಿ ತೋರಿಸುವವನನ್ನು ಯಾರೂ ಜಟ್ಟಿಯೆನ್ನರು. ಮಗನು ಹಿಂದಿರುಗಿದಾಗ, "ಎಷ್ಟು ವೇಗವಾಗಿ ಹೋದೆ?" ಎಂದು ಕೇಳಬೇಡಿರಿ. "ಎಲ್ಲೆಲ್ಲಿ ವೇಗವನ್ನು ತಗ್ಗಿಸಿದೆ?" ಎಂದು ಕೇಳಿರಿ. ಅದಕ್ಕೆ ಅವನು ಉತ್ಸಾಹದಿಂದ ವಿವರವಾಗಿ ಉತ್ತರ ಹೇಳಿದನಾದರೆ, ಕೊಟ್ಟ ಹಣವು ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.